ಪದ ಹೋಗಿ ಪ್ರತ್ಯಯ ಉಳಿಯಿತು

‘ಬಸ್ಸ ಬಂತೇನ್ರಿ?’

ಹುಬ್ಬಳ್ಳಿಯ ಕೇಶ್ವಾಪುರದ ಸರ್ವೋದಯ ಸರ್ಕಲ್ಲಿನಲ್ಲಿ ಬೆಳಗಿನಿಂದ ರಾತ್ರಿಯತನಕ ಕೇಳಿಬರುವ ಪ್ರಶ್ನೆ ಇದು. ಸಿಬಿಟಿ ಬಸ್ ನಿಲ್ದಾಣದ ಕಡೆ ಹೊರಟ ಮುದುಕಿ ಕೇಳುತ್ತಾಳೆ, ವಿದ್ಯಾನಗರದ ಕಾಲೇಜಿಗೆ ಹೊರಟ ಹುಡುಗ ಕೇಳುತ್ತಾನೆ, ಕುಸುಗಲ್ಲಿನ ಕಡೆಯಿಂದ ಕೊತ್ತಂಬರಿ ಗಂಟು ಹೊತ್ತು ಬಂದವಳು ಕೇಳುತ್ತಾಳೆ. ‘ಈಗ ಹೋತ್ರಿ, ಇನ್ನೊಂದ ಬರ್ತೈತಿ’ ಎಂದು ಪಕ್ಕದಲ್ಲಿ ನಿಂತವರು ಯಾರೋ ಹೇಳುತ್ತಾರೆ. ಕೇಳಿದವರಿಗೂ ತಿಳಿಯಿತು, ಹೇಳಿದವರಿಗೂ ತಿಳಿಯಿತು. ಅವರ ನಡುವೆ ಇಷ್ಟು ಸಲೀಸಾಗಿ ಹಾದುಹೋದ ‘ಬಸ್’ ಎಂಬ ಶಬ್ದಕ್ಕೆ ಅದು ಹುಟ್ಟಿದ ಭಾಷೆಯಲ್ಲಿ ಒಂಟಿಯಾಗಿ ನಿಲ್ಲುವ ಶಕ್ತಿಯೇ ಇರಲಿಲ್ಲ. ಅದೊಂದು ವಿಭಕ್ತಿ ಪ್ರತ್ಯಯ. ಇದು ತಿಳಿದ ಮೇಲೆ ಆ ಪ್ರಶ್ನೆಯನ್ನು ಮೊದಲಿನ ಕಿವಿಯಿಂದ ಕೇಳುವುದು ನನ್ನಿಂದ ಆಗಿಲ್ಲ.

ಲ್ಯಾಟಿನ್ನಿನಲ್ಲಿ ‘ಓಮ್ನಿಸ್’ ಎಂದರೆ ಎಲ್ಲ, ಸಕಲ. ಅದಕ್ಕೆ ಬಹುವಚನದ ಚತುರ್ಥಿ ಹತ್ತಿದರೆ ‘ಓಮ್ನಿಬಸ್’ ಆಗುತ್ತದೆ: ಎಲ್ಲರಿಗೆ, ಎಲ್ಲರಿಗಾಗಿ. ಇದರಲ್ಲಿ ‘ಓಮ್ನಿ’ ಪ್ರಕೃತಿ, ‘ಬಸ್’ ಪ್ರತ್ಯಯ. ರೋಮನ್ನರ ಬಾಯಲ್ಲಿ ಅದು ‘ಬುಸ್’ ಎಂದಿದ್ದೀತು. ಇಂಗ್ಲಿಷರು ಈ ಉದ್ದ ಶಬ್ದವನ್ನು ಮೊಟಕು ಮಾಡಲು ಹೊರಟಾಗ ತಲೆಯನ್ನು ಬಿಟ್ಟರು, ಬಾಲವನ್ನು ಹಿಡಿದರು. ನಮ್ಮ ‘ಎಲ್ಲರಿಗೆ’ ಎಂಬುದರಿಂದ ‘ಎಲ್ಲರ’ನ್ನು ತೆಗೆದುಹಾಕಿ, ಉಳಿದ ‘ಇಗೆ’ಯನ್ನೇ ಒಂದು ವಸ್ತುವಿಗೆ ಹೆಸರಾಗಿ ಇಟ್ಟರೆ ಹೇಗಿದ್ದೀತು? ‘ಇಗೆ ಬಂತೇನ್ರಿ?’, ‘ಇಗೆ ತುಂಬೈತಿ, ಮುಂದಿನದಕ್ಕ ಹೋಗೂಣು’. ಹುಬ್ಬಳ್ಳಿ, ಧಾರವಾಡ, ಲಂಡನ್ನು, ಮುಂಬಯಿ ಎಲ್ಲವೂ ಹೀಗೆಯೇ ಒಂದು ‘ಇಗೆ’ಗಾಗಿ ರಸ್ತೆಯ ಬದಿಯಲ್ಲಿ ಕಾಯುತ್ತಿವೆ.

ಕತ್ತರಿಸಿಕೊಂಡ ಇಂಗ್ಲಿಷ್ ಪದಗಳು ನಮ್ಮಲ್ಲಿ ಬೇಕಾದಷ್ಟಿವೆ. ಟೆಲಿಫೋನಿನ ‘ದೂರ’ ಹೋಗಿ ‘ದನಿ’ ಮಾತ್ರ ಫೋನಾಗಿ ಉಳಿಯಿತು. ಇನ್‌ಫ್ಲುಯೆಂಜಾದ ನಡುವಿನ ತುಂಡು ಫ್ಲೂ ಆಯಿತು. ಒಂಟೆಗಳ ಸಾಲಾಗಿದ್ದ ಪಾರಸಿಯ ಕಾರವಾನ್ ಮೊಟಕಾಗಿ ಮಕ್ಕಳನ್ನು ಶಾಲೆಗೆ ಒಯ್ಯುವ ವ್ಯಾನ್ ಆಯಿತು. ಇವುಗಳಲ್ಲೆಲ್ಲ ಅರ್ಥದ ಒಂದು ಚೂರಾದರೂ ಉಳಿದಿರುತ್ತದೆ, ಇಲ್ಲವೇ ಉಳಿದ ಚೂರಿಗೆ ಮೊದಲು ಅರ್ಥವೇ ಇರಲಿಲ್ಲ. ‘ಬಸ್’ ಮಾತ್ರ ಬೇರೆ ಬಗೆ. ಅದರಲ್ಲಿ ಉಳಿದಿರುವುದು ಸಂಬಂಧ. ಯಾರಿಗೆ ಎಂಬುದು ಅಳಿಸಿಹೋಗಿದೆ, ‘ಗೆ’ ಎಂಬುದು ಉಳಿದಿದೆ. ‘ಶ್ರೀ ..... ಅವರಿಗೆ’ ಎಂದು ಅಚ್ಚಾಗಿ ಬಂದ ಲಗ್ನಪತ್ರಿಕೆಯಲ್ಲಿ ಹೆಸರಿನ ಜಾಗ ಖಾಲಿ ಇರುತ್ತದಲ್ಲ, ಹಾಗೆ.

ಈ ಪದ ರಸ್ತೆಗೆ ಇಳಿದದ್ದು ಫ್ರಾನ್ಸಿನ ನಾಂತ್ ಎಂಬ ಊರಲ್ಲಿ. ಅಲ್ಲಿ ಸ್ತಾನಿಸ್ಲಾಸ್ ಬೋದ್ರಿ ಎಂಬ ನಿವೃತ್ತ ಸೈನ್ಯಾಧಿಕಾರಿಗೆ ಊರ ಹೊರಗೆ ಒಂದು ಉಗಿಯ ಹಿಟ್ಟಿನ ಗಿರಣಿ ಇತ್ತು. ಗಿರಣಿಯ ಬಿಸಿನೀರು ಸುಮ್ಮನೆ ಹರಿದುಹೋಗುತ್ತದಲ್ಲ ಎಂದು ಅವನು ಅಲ್ಲೇ ಸಾರ್ವಜನಿಕ ಸ್ನಾನದ ಮನೆ ತೆರೆದ. ಅಲ್ಲಿಗೆ ಜನರನ್ನು ಕರೆತರಲು 1826ರಲ್ಲಿ ಪೇಟೆಯಿಂದ ಕುದುರೆಗಾಡಿ ಬಿಟ್ಟ. ನೋಡಿದರೆ ಗಾಡಿ ತುಂಬುತ್ತಿತ್ತು, ಸ್ನಾನದ ಮನೆ ತುಂಬುತ್ತಿರಲಿಲ್ಲ. ಜನ ದಾರಿಯ ನಡುವೆ ತಮಗೆ ಬೇಕಾದಲ್ಲಿ ಹತ್ತಿ, ಬೇಕಾದಲ್ಲಿ ಇಳಿಯುತ್ತಿದ್ದರು. ಅವರಿಗೆ ಬೇಕಾದದ್ದು ಸ್ನಾನವಾಗಿರಲಿಲ್ಲ, ಗಾಡಿಯೇ ಆಗಿತ್ತು. ಬೋದ್ರಿ ಅದನ್ನು ಗುರುತಿಸಿದ. ಗಾಡಿ ನಿಲ್ಲುತ್ತಿದ್ದ ಕಡೆ ಓಮ್ನೆಸ್ ಎಂಬ ಟೋಪಿ ವ್ಯಾಪಾರಿಯ ಅಂಗಡಿ ಇತ್ತು, ಅವನು ತನ್ನ ಹೆಸರಿನ ಜೊತೆ ಆಟವಾಡಿ ‘ಓಮ್ನೆಸ್ ಓಮ್ನಿಬಸ್’ ಎಂದು ಫಲಕ ಹಾಕಿದ್ದ, ಅದರಿಂದ ಗಾಡಿಗೆ ಈ ಹೆಸರು ಬಂತು ಎಂಬ ಕತೆಯೂ ಇದೆ. ಕತೆ ನಿಜವಿರಲಿ ಬಿಡಲಿ, ಹೆಸರು ನಿಂತಿತು. 1828ರಲ್ಲಿ ಬೋದ್ರಿ ಪ್ಯಾರಿಸ್ಸಿಗೆ ಹೋದ. ಮರುವರ್ಷ, 1829ರ ಜುಲೈ 4ರಂದು, ಜಾರ್ಜ್ ಶಿಲಿಬಿಯರ್ ಲಂಡನ್ನಿನಲ್ಲಿ ಪ್ಯಾಡಿಂಗ್ಟನ್ನಿನಿಂದ ಬ್ಯಾಂಕ್ ತನಕ ಮೂರು ಕುದುರೆ ಕಟ್ಟಿದ, 22 ಜನ ಕೂಡುವ ಓಮ್ನಿಬಸ್ ಓಡಿಸಿದ. ಮೂರು ವರ್ಷ ಕಳೆಯುವಷ್ಟರಲ್ಲಿ, 1832ರ ಹೊತ್ತಿಗೆ, ‘ಬಸ್’ ಎಂಬ ತುಂಡು ಇಂಗ್ಲಿಷ್ ಬರಹದಲ್ಲಿ ಕಾಣಿಸಿಕೊಂಡಿತ್ತು. ಮೊದಮೊದಲು ಅದರ ಮುಂದೆ ಒಂದು ಲೋಪಚಿಹ್ನೆ ಹಾಕುತ್ತಿದ್ದರು, ಇಲ್ಲಿ ಏನೋ ಬಿಟ್ಟುಹೋಗಿದೆ ಎಂದು ಓದುವವರಿಗೆ ನೆನಪಿಸಲು. ಬರುಬರುತ್ತಾ ಆ ಗುರುತೂ ಹೋಯಿತು.

ಕನ್ನಡ ಶಾಲೆಯಲ್ಲಿ ಓದಿದವರಿಗೆ ವಿಭಕ್ತಿಯ ಕೋಷ್ಟಕ ಬಾಯಿಪಾಠ: ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ. ನಾವೆಲ್ಲ ಅದನ್ನು ರಾಗ ಹಾಕಿ ಹೇಳಿದವರೇ. ಪ್ರತ್ಯಯಕ್ಕೆ ಸ್ವತಂತ್ರವಾಗಿ ಅರ್ಥವಿಲ್ಲ, ಪ್ರಕೃತಿಗೆ ಹತ್ತಿದಾಗಲೇ ಅದಕ್ಕೆ ಜೀವ ಎಂದು ಗುರುಗಳು ಹೇಳುತ್ತಿದ್ದರು. 13ನೇ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದಿಂದ ಇಂದಿನ ಶಾಲೆಯ ವ್ಯಾಕರಣದತನಕ ಪ್ರಕೃತಿ, ಪ್ರತ್ಯಯಗಳ ಈ ಏರ್ಪಾಡು ಅಲುಗಾಡಿಲ್ಲ. ಹಾಗಿರುವಾಗ ಒಂದು ಪ್ರತ್ಯಯ ತನ್ನ ಪ್ರಕೃತಿಯನ್ನು ಬಿಟ್ಟು, ಗಾಲಿ ಕಟ್ಟಿಕೊಂಡು, ಲೋಕವನ್ನೆಲ್ಲ ಸುತ್ತಿ ಬಂದಿತೆಂದರೆ ವ್ಯಾಕರಣ ಕಲಿಸಿದವರಿಗೂ ಬೆರಗಾದೀತು.

ಆದರೆ ನನ್ನನ್ನು ನಿಲ್ಲಿಸಿಬಿಟ್ಟದ್ದು ಇದಕ್ಕಿಂತ ದೊಡ್ಡ ಸಂಗತಿ. ಲ್ಯಾಟಿನ್ನಿನ ಈ ‘ಬುಸ್’ ಮತ್ತು ಸಂಸ್ಕೃತದ ‘ಭ್ಯಃ’ ಒಂದೇ ಮನೆತನದ ಪ್ರತ್ಯಯಗಳು. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ 1786ರಲ್ಲಿ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್ನುಗಳಿಗೆ ಒಂದು ಸಮಾನ ಮೂಲ ಇದ್ದಿರಬೇಕೆಂದು ಹೇಳಿದ. ಮುಂದಿನ ಶತಮಾನದಲ್ಲಿ ಫ್ರಾಂಜ್ ಬಾಪ್ ಮತ್ತು ಅವನ ನಂತರದವರು ಕ್ರಿಯಾಪದ, ವಿಭಕ್ತಿಗಳನ್ನು ಒಂದೊಂದಾಗಿ ಎದುರುಬದುರು ಇಟ್ಟು ಆ ನಂಟನ್ನು ಕಟ್ಟಿ ತೋರಿಸಿದರು. ಅಂದರೆ ಓಮ್ನಿಬಸ್ ಎಂಬುದರ ಸಂಸ್ಕೃತ ರೂಪ ‘ಸರ್ವೇಭ್ಯಃ’. ನಮ್ಮಲ್ಲಿ ಪೂಜೆ, ಪಾಠ, ಸಂಗೀತ ಯಾವುದು ಶುರುವಾದರೂ ಮೊದಲು ಬರುವ ಮಾತು ‘ಶ್ರೀ ಗುರುಭ್ಯೋ ನಮಃ’. ಆ ‘ಭ್ಯೋ’ ಇದೆಯಲ್ಲ, ಅದೇ ಬಸ್ಸು. ಸಂಧಿಯಲ್ಲಿ ಸ್ವಲ್ಪ ರೂಪ ಬದಲಿಸಿಕೊಂಡಿದೆ, ಅಷ್ಟೇ. ಬೆಳಿಗ್ಗೆ ಕೇಶ್ವಾಪುರದ ಒಂದು ಮನೆಯಲ್ಲಿ ಹಾರ್ಮೋನಿಯಂ ಮುಂದೆ ಕೂತ ಮಗು ‘ಗುರುಭ್ಯೋ’ ಎನ್ನುತ್ತದೆ, ಅದೇ ಹೊತ್ತಿಗೆ ಅದರ ಅಪ್ಪ ಸರ್ಕಲ್ಲಿನಲ್ಲಿ ‘ಬಸ್ಸ ಬಂತೇನ್ರಿ’ ಎನ್ನುತ್ತಾನೆ. ಎರಡೂ ಕಡೆ ನುಡಿದದ್ದು ಸಾವಿರಾರು ವರ್ಷಗಳ ಹಿಂದೆ ಒಂದೇ ನುಡಿಯಿಂದ ಬೇರೆಯಾದ ಎರಡು ತುಣುಕು.

ಇನ್ನೂ ಒಂದಿದೆ. ಸಂಸ್ಕೃತ ಕಲಿತವರು ರಾಮಶಬ್ದ ಹೇಳುವಾಗ ಚತುರ್ಥಿ ಬಹುವಚನಕ್ಕೆ ‘ರಾಮೇಭ್ಯಃ’ ಎಂದು, ಮರುಸಾಲಿನಲ್ಲಿ ಪಂಚಮಿಗೂ ‘ರಾಮೇಭ್ಯಃ’ ಎಂದೇ ಹೇಳುತ್ತಾರೆ. ಲ್ಯಾಟಿನ್ನಿನಲ್ಲಿಯೂ ಹಾಗೆಯೇ, ಓಮ್ನಿಬಸ್ ಎಂದರೆ ‘ಎಲ್ಲರಿಗೆ’ ಎಂದೂ ಆಗುತ್ತದೆ, ‘ಎಲ್ಲರಿಂದ’ ಎಂದೂ ಆಗುತ್ತದೆ. ಎಲ್ಲರ ಟಿಕೆಟ್ಟಿನ ದುಡ್ಡಿನಿಂದ, ಎಲ್ಲರೂ ಕಟ್ಟಿದ ತೆರಿಗೆಯಿಂದ ಓಡುವ ಗಾಡಿ ಎಲ್ಲರಿಗಾಗಿ ಓಡುತ್ತದೆ. ಹೋಗುವ ಸರತಿ, ಬರುವ ಸರತಿ ಎರಡೂ ಆ ಒಂದೇ ಪ್ರತ್ಯಯದೊಳಗಿವೆ. ಯಾರೂ ಯೋಚಿಸಿ ಮಾಡಿದ್ದಲ್ಲ ಇದು, ಭಾಷೆ ತಾನಾಗಿ ಇಟ್ಟುಕೊಂಡದ್ದು. ಅದಕ್ಕೇ ಇದರ ಮುಂದೆ ತಲೆಬಾಗಬೇಕೆನಿಸುತ್ತದೆ.

ಕೇಶ್ವಾಪುರದಂಥ ಜಾಗದಲ್ಲಿ ನಿಂತು ಇದನ್ನು ಯೋಚಿಸುವುದಕ್ಕೆ ಕಾರಣವಿದೆ. ಇದು ಗಾಡಿಗಳ ನಡುವೆ ಬೆಳೆದ ಬಡಾವಣೆ. ಕ್ಲಬ್ ರೋಡಿನಲ್ಲಿ ರೈಲ್ವೆಯ ವಿಭಾಗೀಯ ಕಚೇರಿ ಇದೆ. ಗದಗ ರಸ್ತೆಯಲ್ಲಿ, 2003ರ ಏಪ್ರಿಲ್ 1ರಂದು ಕೆಲಸ ಆರಂಭಿಸಿದ ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ರೈಲ್ ಸೌಧ ಇದೆ. ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ, 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದಾಗ ಜಗತ್ತಿನಲ್ಲೇ ಅತಿ ಉದ್ದದ್ದೆಂದು ಹೆಸರಾಯಿತು. ರೈಲ್ವೆ ಮನೆತನಗಳ ಮಾತಿನಲ್ಲಿ ‘ಲೋಕೋ’ ಎಂಬ ಶಬ್ದ ಅನ್ನ ನೀರಿನಷ್ಟು ಸಹಜ. ‘ಯಜಮಾನ್ರು ಲೋಕೋ ಶೆಡ್ಡಿನ್ಯಾಗ ಇದ್ರು’ ಎಂದರೆ ಇಲ್ಲಿ ಯಾರಿಗೂ ವಿವರಿಸಬೇಕಿಲ್ಲ. ಆ ಲೋಕೋ ಕೂಡ ಮೊಟಕಾದ ಪದವೇ, ಲೋಕೋಮೋಟಿವ್ ಎಂಬುದರ ತಲೆ. ಲ್ಯಾಟಿನ್ನಿನಲ್ಲಿ ‘ಲೋಕೋ’ ಎಂದರೆ ‘ಸ್ಥಳದಿಂದ’, ಅದು ಪಂಚಮಿ. ‘ಮೋಟಿವ್’ ಎಂದರೆ ಚಲಿಸುವಂಥದು. ಇದ್ದಲ್ಲಿಂದ ಕದಲುವಂಥದು ಎಂಬ ಅರ್ಥದ ಪದದಲ್ಲಿ ಕದಲಿಕೆಯೇ ಬಿದ್ದುಹೋಗಿ ‘ಇದ್ದಲ್ಲಿಂದ’ ಎಂಬುದಷ್ಟೇ ಉಳಿದಿದೆ. ಇಷ್ಟಾಗಿ ಈ ಲೋಕೋಗೂ ನಮ್ಮ ‘ಲೋಕ’ಕ್ಕೂ ನಂಟಿಲ್ಲ. ಕಿವಿಗೆ ಒಂದೇ ಎನಿಸುವ ಲೋಕೋ ಮತ್ತು ಲೋಕ ಪರಕೀಯರು, ಕಿವಿಗೆ ದೂರವೆನಿಸುವ ಬಸ್ ಮತ್ತು ಭ್ಯಃ ಒಡಹುಟ್ಟಿದವರು. ಶಬ್ದಗಳ ನೆಂಟಸ್ತಿಕೆಯನ್ನು ಕಿವಿಯೊಂದರಿಂದಲೇ ತೀರ್ಮಾನಿಸಲು ಬರುವುದಿಲ್ಲ.

ನಿಲ್ದಾಣದ ಹೊರಗೆ ಬಂದರೆ ಆಟೋಗಳ ಸಾಲು. ಆಟೋರಿಕ್ಷಾದಲ್ಲಿ ರಿಕ್ಷಾ ಜಪಾನಿನದು. ಅದೂ ಮೊಟಕಾದದ್ದೇ. ಜಿನ್ ರಿಕಿ ಶಾ, ಅಂದರೆ ಮನುಷ್ಯ, ಬಲ, ಗಾಡಿ ಎಂಬುದರಲ್ಲಿ ಮೊದಲು ಮನುಷ್ಯ ಬಿದ್ದುಹೋದ. ಆಮೇಲೆ ಇಡೀ ರಿಕ್ಷಾವೇ ಬಿದ್ದು ಗ್ರೀಕಿನ ‘ಆಟೋ’ ಉಳಿಯಿತು. ಆಟೋ ಎಂದರೆ ‘ತಾನೇ’. ನೋಡಿ, ಒಬ್ಬರೇ ಹತ್ತಿ ತಮಗೆ ಬೇಕಾದ ಓಣಿಗೆ ಹೋಗುವ ಗಾಡಿಗೆ ‘ತಾನೇ’ ಎಂದು ಹೆಸರು, ಕೂಡಿ ಹೋಗುವ ಗಾಡಿಗೆ ‘ಎಲ್ಲರಿಗೆ’ ಎಂಬುದರ ತುದಿ ಹೆಸರು.

ಹಾಗಾದರೆ ಬಸ್ಸು ಕಳೆದುಕೊಂಡ ‘ಓಮ್ನಿ’ ಎಲ್ಲಿ ಹೋಯಿತು? ಅದೂ ಇದೇ ರಸ್ತೆಯಲ್ಲಿದೆ. 1984ರಲ್ಲಿ ಮಾರುತಿ ಕಂಪನಿ ಬಿಟ್ಟ ವ್ಯಾನಿಗೆ ಕೆಲವು ವರ್ಷಗಳ ಮೇಲೆ ಓಮ್ನಿ ಎಂದು ಹೆಸರಾಯಿತು. ಶಾಲೆಯ ಮಕ್ಕಳು, ಆಸ್ಪತ್ರೆಯ ರೋಗಿಗಳು, ನಿಶ್ಚಯದ ತಟ್ಟೆ ಹಿಡಿದು ಬೀಗರ ಊರಿಗೆ ಹೊರಟವರು, ಯಲ್ಲಮ್ಮನ ಗುಡ್ಡಕ್ಕೆ ನಡೆದುಕೊಳ್ಳುವವರು, ಎಲ್ಲರೂ ಅದರೊಳಗೆ ಹಿಡಿಸಿದರು. 2019ರಲ್ಲಿ ತಯಾರಿಕೆ ನಿಂತರೂ ಓಮ್ನಿಗಳು ಓಣಿಗಳಲ್ಲಿ ಇನ್ನೂ ಓಡುತ್ತಿವೆ. ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಬೇರೆಯಾದ ತಲೆ ಮತ್ತು ಬಾಲ ಕೇಶ್ವಾಪುರದ ಸಿಗ್ನಲ್ಲಿನಲ್ಲಿ ಮತ್ತೆ ಹಿಂದೆ ಮುಂದೆ ಬಂದು ನಿಲ್ಲುತ್ತವೆ.

ಇವೆಲ್ಲ ನಿಲ್ಲುವ ಜಾಗದ ಹೆಸರು ಸರ್ವೋದಯ. ಈ ಪದವನ್ನು ಬಳಕೆಗೆ ತಂದವರು ಗಾಂಧೀಜಿ. 1904ರಲ್ಲಿ ಅವರು ಜೊಹಾನ್ಸ್‌ಬರ್ಗ್‌ನಿಂದ ಡರ್ಬನ್ನಿಗೆ ರೈಲಿನಲ್ಲಿ ಹೊರಟಾಗ ಗೆಳೆಯ ಹೆನ್ರಿ ಪೋಲಾಕ್ ದಾರಿಯಲ್ಲಿ ಓದಲೆಂದು ಒಂದು ಪುಸ್ತಕ ಕೊಟ್ಟರು, ಜಾನ್ ರಸ್ಕಿನ್ನನ ‘ಅನ್‌ಟು ದಿಸ್ ಲಾಸ್ಟ್’. ಹಿಡಿದ ಪುಸ್ತಕವನ್ನು ಗಾಂಧೀಜಿ ಕೆಳಗಿಡಲಿಲ್ಲ, ಆ ರಾತ್ರಿ ನಿದ್ದೆಯೂ ಬರಲಿಲ್ಲ. 1908ರಲ್ಲಿ ಅದರ ಸಾರವನ್ನು ಗುಜರಾತಿಯಲ್ಲಿ ಬರೆದು ‘ಸರ್ವೋದಯ’ ಎಂದು ಕರೆದರು. ರಸ್ಕಿನ್ನನ ಹೆಸರು ಬಂದದ್ದು ಬೈಬಲ್ಲಿನ ದ್ರಾಕ್ಷಿತೋಟದ ಕತೆಯಿಂದ. ಅಲ್ಲಿ ತೋಟದ ಧಣಿ ಹೊತ್ತು ಮುಳುಗುವಾಗ ಕೆಲಸಕ್ಕೆ ಬಂದವನಿಗೂ ಬೆಳಗಿನಿಂದ ದುಡಿದವನಷ್ಟೇ ಕೂಲಿ ಕೊಡುತ್ತಾನೆ. ಪುಸ್ತಕದ ಹೆಸರನ್ನು ಕನ್ನಡಕ್ಕೆ ತಂದರೆ ‘ಈ ಕಟ್ಟಕಡೆಯವನಿಗೂ’ ಎಂದಾಗುತ್ತದೆ. ಅಲ್ಲಿಯೂ ಚತುರ್ಥಿ! ರಸ್ಕಿನ್ ಕಡೆಯವನಿಗೆ ಎಂದ, ಗಾಂಧೀಜಿ ಅದರಲ್ಲಿ ಸರ್ವರನ್ನು ಕಂಡರು. ಪದದಿಂದ ‘ಎಲ್ಲರು’ ಬಿದ್ದುಹೋದ ಗಾಡಿ ಬಂದು ನಿಲ್ಲುವುದು ‘ಸರ್ವ’ ಎಂದು ಮೊದಲಾಗುವ ಹೆಸರಿನ ಸರ್ಕಲ್ಲಿನಲ್ಲಿ. ಯಾರು ಯಾವಾಗ ಆ ಹೆಸರಿಟ್ಟರೋ, ಅವರಿಗೆ ಬಸ್ಸಿನ ವ್ಯುತ್ಪತ್ತಿ ಮನಸ್ಸಿನಲ್ಲಿ ಇದ್ದಿರಲಾರದು. ಆಕಸ್ಮಿಕವೇ ಸರಿ. ಆದರೂ ಇಂಥ ಆಕಸ್ಮಿಕಗಳನ್ನು ನಾನು ಸುಮ್ಮನೆ ದಾಟಿಹೋಗಲಾರೆ.

ಯಾಕೆಂದರೆ ‘ಎಲ್ಲರಿಗೆ’ ಎಂಬ ಮಾತು ಹೇಳಿದಷ್ಟು ಹಗುರವಾಗಿ ನಡೆದು ಬಂದದ್ದಲ್ಲ. ಬೋದ್ರಿಗಿಂತ ಒಂದೂವರೆ ಶತಮಾನಕ್ಕೂ ಮೊದಲು, 1662ರಲ್ಲಿ, ಗಣಿತಜ್ಞ ಬ್ಲೇಸ್ ಪಾಸ್ಕಲ್ ಪ್ಯಾರಿಸ್ಸಿನಲ್ಲಿ ಗೊತ್ತಾದ ದಾರಿ, ಗೊತ್ತಾದ ಸಮಯ, ಐದು ಸೋಲ್ ದರದ ಸಾರಿಗೆ ಗಾಡಿಗಳನ್ನು ಆರಂಭಿಸುವುದರಲ್ಲಿ ಪಾಲುಗೊಂಡಿದ್ದ. ಎಷ್ಟು ಒಳ್ಳೆಯ ಕಲ್ಪನೆ! ಆದರೆ ಪ್ಯಾರಿಸ್ಸಿನ ನ್ಯಾಯಪೀಠ ಅದಕ್ಕೊಂದು ನಿಯಮ ಹಾಕಿತು. ಸಿಪಾಯಿಗಳು, ಮನೆಯಾಳುಗಳು, ಕೂಲಿಕಾರರು ಅದನ್ನು ಹತ್ತುವಂತಿಲ್ಲ. ನಡೆದೂ ನಡೆದೂ ಕಾಲು ಸವೆದವರು ಯಾರೋ ಅವರನ್ನೇ ಬಿಟ್ಟು ಉಳಿದವರಿಗೆ ಆ ಗಾಡಿ. ಕೆಲವು ವರ್ಷಗಳಲ್ಲಿ ಅದು ನಿಂತೇಹೋಯಿತು.

ನಮ್ಮ ಕಡೆಯ ಕತೆ ಇನ್ನೂ ಕಠೋರ. 1901ರಲ್ಲಿ ಹತ್ತರ ಆಸುಪಾಸಿನ ಬಾಲಕ ಭೀಮರಾವ್ ಅಂಬೇಡ್ಕರ್ ಅಣ್ಣನ ಜೊತೆ, ಅಕ್ಕನ ಮಕ್ಕಳ ಜೊತೆ ಕೋರೆಗಾಂವದಲ್ಲಿದ್ದ ಅಪ್ಪನನ್ನು ನೋಡಲು ಹೊರಟ. ಮಸೂರು ನಿಲ್ದಾಣದಲ್ಲಿ ಇಳಿದರು. ಹೊಸ ಅಂಗಿ ಟೋಪಿ ಹಾಕಿಕೊಂಡ ಮಕ್ಕಳನ್ನು ಸ್ಟೇಷನ್ ಮಾಸ್ತರರು ಅಕ್ಕರೆಯಿಂದ ಮಾತಾಡಿಸಿದರು. ತಾವು ಮಹಾರರು ಎಂದು ಹುಡುಗ ಹೇಳಿದ ಮೇಲೆ ಅವರ ಮುಖ ಬದಲಾಯಿತು. ಹೊರಗೆ ಎತ್ತಿನಗಾಡಿಗಳಿದ್ದವು. ಎರಡು ಪಟ್ಟು ಬಾಡಿಗೆ ಕೊಡುತ್ತೇವೆಂದರೂ ಯಾರೂ ಒಪ್ಪಲಿಲ್ಲ. ಕೊನೆಗೆ ಒಬ್ಬ ಒಪ್ಪಿದ, ಗಾಡಿಯನ್ನು ಮಕ್ಕಳೇ ಹೊಡೆದುಕೊಳ್ಳಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ ಎಂದು. ಅಂಬೇಡ್ಕರರು ಇದನ್ನು ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಆತ್ಮಕಥನದ ಬರಹದಲ್ಲಿ ತಾವೇ ಬರೆದಿದ್ದಾರೆ. ಮಸೂರು ಇರುವುದು ಪುಣೆಯಿಂದ ಮಿರಜಿಗೆ ಬರುವ ಹಳಿಯ ಮೇಲೆ. ಆ ಹಳಿ ಬೆಳಗಾವಿ, ಲೋಂಡಾ ಹಾದು ಮುಂದುವರಿಯುತ್ತದೆ, ಅಲ್ಲಿಂದ ಹುಬ್ಬಳ್ಳಿಗೂ ದಾರಿ. ಅಂದರೆ ಕೇಶ್ವಾಪುರದ ಮಗ್ಗುಲಲ್ಲಿರುವ ಹಳಿಗಳಿಗೂ ಆ ಸಂಜೆಗೂ ನಡುವೆ ಕಬ್ಬಿಣದ ನಂಟು ಇದೆ. ‘ಎಲ್ಲರಿಗೆ’ ಎಂಬ ವಿಭಕ್ತಿ ರೂಪ ಶತಮಾನಗಳಿಂದ ಸಂಸ್ಕೃತದಲ್ಲೂ ಇತ್ತು, ಕನ್ನಡ ಮರಾಠಿಗಳಲ್ಲೂ ಇತ್ತು. ಪದ ಇದ್ದ ಮಾತ್ರಕ್ಕೆ ಗಾಡಿ ನಿಲ್ಲಲಿಲ್ಲ.

ಅದಕ್ಕಾಗಿಯೇ ನನಗೆ ಬಸ್ಸಿನೊಳಗಿನ ನೂಕುನುಗ್ಗಲು ಎಂದೂ ಸಾಮಾನ್ಯವಾಗಿ ಕಂಡಿಲ್ಲ. ಟಿಕೆಟ್ ಹರಿದುಕೊಡುವ ಕೈ ಯಾರ ಕುಲವನ್ನೂ ಕೇಳುವುದಿಲ್ಲ. ‘ಸ್ವಲ್ಪ ಸರೀರಿ ಅಣ್ಣಾರ’ ಎಂದವಳು ಯಾರು, ಸರಿದು ಜಾಗ ಕೊಟ್ಟವರು ಯಾರು ಎಂದು ಇಬ್ಬರಿಗೂ ಗೊತ್ತಿರುವುದಿಲ್ಲ. ಭುಜಕ್ಕೆ ಭುಜ ತಾಗುತ್ತದೆ, ಒಬ್ಬರ ಮಗು ಇನ್ನೊಬ್ಬರ ತೊಡೆಯ ಮೇಲೆ ಕೂಡುತ್ತದೆ. ಊರೊಳಗೆ ಶತಮಾನಗಳಿಂದ ಆಗದಿದ್ದದ್ದು ನಾಲ್ಕು ಗಾಲಿಯ ಮೇಲೆ ಅರ್ಧ ಗಂಟೆಯಾದರೂ ಆಗುತ್ತದೆ.

ಈ ಭಾಗದ ಹಿರಿಯರು ಬಸ್ಸಿಗೆ ಬಸ್ಸು ಎನ್ನುತ್ತಿರಲಿಲ್ಲ, ‘ಮೋಟಾರ’ ಎನ್ನುತ್ತಿದ್ದರು. ‘ಮೋಟಾರಕ್ಕ ಬಂದ್ವಿ’ ಎನ್ನುವ ಅಜ್ಜಿಯರ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ಮೋಟಾರ್ ಬಸ್ ಎಂಬುದರಲ್ಲಿ ಅವರು ಮೊದಲ ಪದ ಇಟ್ಟುಕೊಂಡರು, ಮಕ್ಕಳು ಮೊಮ್ಮಕ್ಕಳು ಎರಡನೆಯದನ್ನು. ಹುಬ್ಬಳ್ಳಿ ಆಗ ಮುಂಬಯಿ ಪ್ರಾಂತದಲ್ಲಿತ್ತು. ಆ ಪ್ರಾಂತದ ಸರ್ಕಾರಿ ಬಸ್ಸುಗಳ ಓಡಾಟ 1948ರ ಜೂನ್ 1ರಂದು ಪುಣೆ ಅಹಮದನಗರಗಳ ನಡುವೆ ಶುರುವಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮೈಸೂರು ಸಂಸ್ಥಾನ 120 ಬಸ್ಸುಗಳೊಂದಿಗೆ ತನ್ನ ಸಾರಿಗೆ ಇಲಾಖೆ ತೆರೆಯಿತು. 1956ರಲ್ಲಿ ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, 1961ರಲ್ಲಿ ರಸ್ತೆ ಸಾರಿಗೆ ನಿಗಮ ಆಯಿತು, 1997ರಲ್ಲಿ ಅದರಿಂದ ಬೇರೆಯಾದ ವಾಯವ್ಯ ಸಂಸ್ಥೆ ಹುಬ್ಬಳ್ಳಿಯಲ್ಲೇ ಮನೆಮಾಡಿತು. ಸರ್ಕಾರಿ ಹೆಸರಿನಲ್ಲಿ ‘ಸಾರಿಗೆ’ ಎಂಬ ಅಚ್ಚಗನ್ನಡ ಇದೆ, ಖಾಸಗಿಯ ಬೇಂದ್ರೆ ನಗರ ಸಾರಿಗೆಯಲ್ಲಿಯೂ ಇದೆ. 2018ರಲ್ಲಿ ಪ್ರಾಯೋಗಿಕವಾಗಿ ಹೊರಟು 2020ರ ಫೆಬ್ರುವರಿಯಲ್ಲಿ ವಿಧಿವತ್ತಾಗಿ ಉದ್ಘಾಟನೆಯಾದ ಹುಬ್ಬಳ್ಳಿ ಧಾರವಾಡದ ತ್ವರಿತ ಬಸ್ ಸಾರಿಗೆ, ಬಿಆರ್‌ಟಿಎಸ್ಸಿಗೆ ಜನ ಒಪ್ಪಿಕೊಂಡ ಹೆಸರು ‘ಚಿಗರಿ’, ಜಿಂಕೆಗೆ ನಮ್ಮ ಸೀಮೆಯ ಮಾತು. ಚೆಲುವಾದ ಹೆಸರು. ಆದರೂ ಚಿಗರಿ ಹತ್ತಿದವರು ಮನೆಗೆ ಫೋನ್ ಮಾಡಿ ಹೇಳುವುದು ‘ಬಸ್ಸಿನ್ಯಾಗ ಅದೇನಿ’ ಎಂದೇ.

ನಮ್ಮ ಊರಿನ ಬಾಯಲ್ಲಿ ಇನ್ನೊಂದು ‘ಬಸ್’ ಇದೆ. ಊಟಕ್ಕೆ ಕೂತಾಗ ಕೈ ಅಡ್ಡ ಹಿಡಿದು ‘ಬಸ್ ಬಸ್, ಸಾಕ್ರಿ’ ಎನ್ನುತ್ತೇವಲ್ಲ, ಆ ಬಸ್ ಪಾರಸಿಯಿಂದ ಬಂದದ್ದು. ಬಸ್ಸು ಪೂರಾ ತುಂಬಿದಾಗ ಕಂಡಕ್ಟರ್ ಬಾಗಿಲಲ್ಲಿ ನಿಂತು ‘ಬಸ್, ಬಸ್, ಇನ್ನ ಆಗಂಗಿಲ್ಲ’ ಎನ್ನುವುದನ್ನು ಕೇಳಿದ್ದೇನೆ. ಅಲ್ಲಿಯೇ ಲ್ಯಾಟಿನ್ನಿನ ‘ಎಲ್ಲರಿಗೆ’ ಮತ್ತು ಪಾರಸಿಯ ‘ಸಾಕು’ ಒಂದೇ ಮೆಟ್ಟಿಲ ಮೇಲೆ ಎದುರಾಗುತ್ತವೆ. ಹೆಚ್ಚಿನ ಸಲ ಇನ್ನೂ ಇಬ್ಬರು ಹತ್ತಿಯೇ ಬಿಡುತ್ತಾರೆ.

ರಸ್ತೆಯಲ್ಲಿ ಅಲ್ಲದೆ ಈ ಪ್ರತ್ಯಯ ಎಲ್ಲೆಲ್ಲಿ ಹೊಕ್ಕಿದೆ ನೋಡಿದರೆ ಬೆರಗು ಇನ್ನೂ ಹೆಚ್ಚುತ್ತದೆ. ವಿದ್ಯುತ್ ಕೇಂದ್ರಗಳಲ್ಲಿ ದಪ್ಪನೆಯ ತಾಮ್ರದ ಇಲ್ಲವೇ ಅಲ್ಯುಮಿನಿಯಮ್ಮಿನ ಪಟ್ಟಿಗಳಿರುತ್ತವೆ. ಬಂದ ಕರೆಂಟನ್ನೆಲ್ಲ ಕೂಡಿಸಿಕೊಂಡು ಎಲ್ಲ ಲೈನುಗಳಿಗೂ ಹಂಚುವುದು ಅವುಗಳ ಕೆಲಸ. ಅವಕ್ಕೆ ‘ಓಮ್ನಿಬಸ್ ಬಾರ್’ ಎಂದು ಹೆಸರಿತ್ತು, ಈಗ ‘ಬಸ್‌ಬಾರ್’. ಎಲ್ಲದರಿಂದ, ಎಲ್ಲದಕ್ಕೆ: ಚತುರ್ಥಿ ಪಂಚಮಿ ಎರಡೂ ಅಲ್ಲಿವೆ. ಕಂಪ್ಯೂಟರ್ ಕಟ್ಟಿದವರು ಆ ಪದವನ್ನು ಅಲ್ಲಿಂದ ಎತ್ತಿಕೊಂಡರು. ಒಳಗಿನ ಭಾಗಗಳ ನಡುವೆ ಮಾಹಿತಿ ಓಡಾಡುವ ಹಾದಿಗೆ ‘ಬಸ್’ ಎಂದೇ ಹೆಸರಾಯಿತು. 1996ರಲ್ಲಿ ಬಂದ ಯುಎಸ್‌ಬಿಯ ಕೊನೆಯ ಅಕ್ಷರ ಅದೇ ಬಸ್. ನಾಲ್ಕಕ್ಷರದ ಶಬ್ದದ ಕೊನೆಯ ತುಂಡು ಮತ್ತೆ ಮೊಟಕಾಗಿ ಒಂದೇ ‘ಬಿ’ ಆಗಿದೆ. ಫೋನ್ ಚಾರ್ಜಿಗೆ ಹಾಕುವ ಪ್ರತಿಯೊಬ್ಬರ ಕೈಯಲ್ಲೂ ‘ಭ್ಯಃ’ ಇದೆ. ಆಕಾಶದಲ್ಲಿ ಹಾರುವ ಏರ್‌ಬಸ್ಸಿನಲ್ಲೂ ಇದೆ.

1914ರಲ್ಲಿ ಆಕ್ಸ್‌ಫರ್ಡಿನ ಬೀದಿಗೆ ಮೋಟಾರ್ ಬಸ್ಸು ಬಂದ ಹೊಸದರಲ್ಲಿ ಅಲ್ಲಿನ ಪಂಡಿತ ಎ. ಡಿ. ಗಾಡ್ಲೆ ಮೋಟಾರ್ ಮತ್ತು ಬಸ್ ಎರಡನ್ನೂ ಲ್ಯಾಟಿನ್ ನಾಮಪದಗಳೆಂದು ಹಿಡಿದು ಎಲ್ಲ ವಿಭಕ್ತಿಗಳನ್ನೂ ಹಚ್ಚಿ ಒಂದು ಪದ್ಯ ಬರೆದ. ಪ್ರತ್ಯಯಕ್ಕೆ ಪ್ರತ್ಯಯ ಹಚ್ಚಿದ ಆ ವಿನೋದ ಇಂದಿಗೂ ಪ್ರಸಿದ್ಧ. ಗಾಡ್ಲೆ ಬೇಕೆಂದು ಮಾಡಿದ್ದನ್ನು ಕನ್ನಡ ದಿನವೂ ಸಹಜವಾಗಿ ಮಾಡುತ್ತಿದೆ. ವ್ಯಂಜನದಲ್ಲಿ ಮುಗಿಯುವ ಶಬ್ದ ಕನ್ನಡದ ನಾಲಿಗೆಗೆ ಒಗ್ಗುವುದಿಲ್ಲ, ಅದಕ್ಕೆ ‘ಬಸ್ಸು’ ಎಂದು ಉಕಾರ ಸೇರಿತು. ಆಮೇಲೆ ಬಸ್ಸನ್ನು, ಬಸ್ಸಿನಿಂದ, ಬಸ್ಸಿಗೆ, ಬಸ್ಸಿನಲ್ಲಿ ಎಂದು ಕೋಷ್ಟಕವೆಲ್ಲ ತುಂಬಿತು. ಇವುಗಳಲ್ಲಿ ನನಗೆ ಬಲು ಪ್ರಿಯವಾದದ್ದು ‘ಬಸ್ಸಿಗೆ’. ಅದು ಎರಡು ಚತುರ್ಥಿಗಳು ಕೂಡಿ ಆದ ಪದ, ಒಂದು ರೋಮಿನದು, ಒಂದು ನಮ್ಮದು. ಇದ್ದದ್ದೆಲ್ಲ ಪ್ರತ್ಯಯವೇ, ಪ್ರಕೃತಿಯೇ ಇಲ್ಲ.

ಉತ್ತರ ಕರ್ನಾಟಕದ ಮಾತಿನಲ್ಲಿ ಅದರ ಬಳಕೆಯೂ ಚಂದ. ‘ಬಸ್ಸಿನಲ್ಲಿ ಬಂದೆ’ ಎನ್ನುವುದಕ್ಕಿಂತ ‘ಬಸ್ಸಿಗೆ ಬಂದೆ’ ಎನ್ನುವುದೇ ಇಲ್ಲಿ ಹೆಚ್ಚು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ರಾಜ್ಯದ ಹೆಣ್ಣುಮಕ್ಕಳು ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಶೂನ್ಯ ಟಿಕೆಟ್ ಹಿಡಿದು ಓಡಾಡುತ್ತಿದ್ದಾರೆ. ಕುಸುಗಲ್ ರಸ್ತೆಯಾಚೆಗಿನ ನವಲಗುಂದ, ನರಗುಂದಗಳಿಂದ ಮಗಳ ಮನೆಗೆ, ಆಸ್ಪತ್ರೆಗೆ, ಸಿದ್ಧಾರೂಢ ಮಠಕ್ಕೆ ಬರುವ ತಾಯಂದಿರು ಈಗ ಗಂಡನನ್ನೋ ಮಗನನ್ನೋ ದುಡ್ಡು ಕೇಳಿ ಕಾಯಬೇಕಿಲ್ಲ. ಬರಬೇಕೆನಿಸಿದ ದಿನ ಹೊರಡುತ್ತಾರೆ. ಕೇಶ್ವಾಪುರದಲ್ಲಿರುವ ಮಗಳು ಪಕ್ಕದ ಮನೆಯವರಿಗೆ ಹೇಳುವ ಮಾತು ಇಷ್ಟೇ: ‘ನಾಳೆ ಎಂಟರ ಬಸ್ಸಿಗೆ ಅವ್ವ ಬರ್ತಾಳ್ರಿ.’ ಬೋದ್ರಿ ಬಿಟ್ಟ ಗಾಡಿಯ ‘ಎಲ್ಲರಿಗೆ’ಯೊಳಗೆ ಬರಬೇಕಾದವರಲ್ಲಿ ಅವ್ವನೂ ಒಬ್ಬಳು.